ಹಾಸಿನ ಮೇಲೆ ಬಿದ್ದ ನೆರಳು

ಆ ಮಧ್ಯಾಹ್ನ ನಮ್ಮ ತಲೆಯ ಮೇಲೆ ಬಂದು ನಿಂತದ್ದು ಮೋಡವೋ ಹೊಗೆಯೋ ಎಂದು ಕೇಳಿದರೆ ನಾನು ಹೊಗೆ ಎಂದೇ ಹೇಳುತ್ತೇನೆ. ಆದರೆ ಅದನ್ನು ನಾನೇ ಕಂಡೆನೋ, ಮನೆಯವರು ವರ್ಷಗಟ್ಟಲೆ ಹೇಳಿ ಹೇಳಿ ನನ್ನ ಕಣ್ಣಿಗೆ ಕಟ್ಟಿದರೋ ಗೊತ್ತಿಲ್ಲ. ಆಗ ನನಗೆ ಎಷ್ಟು ವಯಸ್ಸು ಎಂಬುದರಲ್ಲೂ ಅನುಮಾನವಿದೆ. ಎರಡನೆಯ ಇಯತ್ತೆ ಮುಗಿದ ಬೇಸಿಗೆಯ ಸೂಟಿ ಎನ್ನುತ್ತಿದ್ದಳು ಅವ್ವ. ಮೂರನೆಯದು ಎನ್ನುತ್ತಾನೆ ಅಪ್ಪ. ವಿಶ್ವವಿದ್ಯಾಲಯದಲ್ಲಿ ಕಲಿತು ಬಂದಂದಿನಿಂದ ಯಾರ ನೆನಪನ್ನೂ ಒಂದೇ ಮಾತಿಗೆ ನಂಬದ ಚಟ ನನಗೆ ಅಂಟಿಕೊಂಡಿದೆ. ಆ ಚಟ ಮೊದಲು ತಿರುಗಿ ಬೀಳುವುದು ನನ್ನ ನೆನಪಿನ ಮೇಲೆಯೇ. ಹಾಗಿದ್ದೂ ಈ ಸಲದ ಬೇಸಿಗೆಯಲ್ಲಿ, ಧಾರವಾಡದ ನಮ್ಮ ಓಣಿಯ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದಾಗ, ಗಂಜಿ ಹಾಕಿದ ಅಂಗಿಯ ಮೇಲೆ ಕೆಂಡದ ಪೆಟ್ಟಿಗೆ ಒಂದು ಗಳಿಗೆ ಹೆಚ್ಚು ನಿಂತಿತು. ಸೀದ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಬಕವಿಯ ಆ ಬಯಲಿನಲ್ಲಿದ್ದೆ. ಕಾಲಡಿಯಲ್ಲಿ ಸುಡುವ ಮಣ್ಣು, ಬೆರಳುಗಳಲ್ಲಿ ಅಂಟು, ಎದುರಿಗೆ ಗುಡ್ಡ.

ನಮ್ಮದು ನೇಕಾರರ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ, ಅಲ್ಲಿ ನೆಲದಲ್ಲಿ ಕುಣಿ ತೋಡಿ ಕೂರಿಸಿದ ಕೈಮಗ್ಗ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಮುತ್ಯಾ. ಅಪ್ಪನ ಅಪ್ಪನನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಆತನನ್ನು ನಾನು ಹೆಚ್ಚಾಗಿ ಕಂಡದ್ದು ಸೊಂಟದಿಂದ ಮೇಲಕ್ಕೆ ಮಾತ್ರ. ಊಟಕ್ಕೆಂದು ಆತ ಕುಣಿಯಿಂದೆದ್ದು ನಿಂತಾಗಲೆಲ್ಲ, ಈ ಮನುಷ್ಯ ಇಷ್ಟು ಎತ್ತರವೇ ಎಂದು ಹೊಸದಾಗಿ ಬೆರಗಾಗುತ್ತಿದ್ದೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು. ಒಳಗೆ ಆಯಿ, ಅಂದರೆ ನಮ್ಮ ಅಜ್ಜಿ, ದೊಡ್ಡ ಗಡಿಗೆಯಲ್ಲಿ ಜೋಳದ ಗಂಜಿ ಕಾಯಿಸುತ್ತಿದ್ದಳು. ತಿನ್ನುವ ಗಂಜಿಯಲ್ಲ, ನೂಲಿಗೆ ಬಳಿಯುವ ಗಂಜಿ. ಆದರೂ ಅದರ ಹುಳಿಮಿಶ್ರಿತ ಬಿಸಿ ವಾಸನೆಗೆ ನಮಗೆ ಹಸಿವಾಗುತ್ತಿತ್ತು. ಬೇಸಿಗೆಯಲ್ಲಿ ಮಣ್ಣಿನ ಮಾಳಿಗೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ನಮ್ಮ ಮೇಲೆ ಉಗುಳುತ್ತಿತ್ತು. ಹಿತ್ತಾಳೆ ಕೊಡ ಮುಟ್ಟಿದರೆ ಕೈ ಚುರುಕ್ ಎನ್ನುತ್ತಿತ್ತು. ಸಂಜೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಎದ್ದು, ಗುಡುಗಿ, ಮಿಂಚಿ, ಒಂದು ಹನಿಯನ್ನೂ ಉದುರಿಸದೆ ಹೊಳೆಯಾಚೆ ದಾಟಿಹೋಗುತ್ತಿತ್ತು. ಆ ಒಣ ಗುಡುಗಿಗೆ ದೊಡ್ಡವರು ಹೆದರುತ್ತಿದ್ದರು. ಓಣಿಯ ಹಿಂದೆ, ಪಡುವಣಕ್ಕೆ, ಬಯಲು, ಬಯಲಿನಾಚೆ ಕಲ್ಲುಗುಡ್ಡ. ಹೋಳಿ ಕಳೆದ ಮೇಲೆ ಅದರ ಮೈತುಂಬ ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿದ ಕರಡ, ಮಂಡಿಯೆತ್ತರದ ಒಣಹುಲ್ಲು. ಗುಡ್ಡದ ಬುಡದಲ್ಲಿ ಓಣಿಯವರ ಮೇವಿನ ಬಣವೆಗಳು. ಒಂದು ಬೀಡಿಯ ಕಿಡಿ ಸಾಕಿತ್ತು, ಒಂದು ಸಿಡಿಲು ಸಾಕಿತ್ತು.

ಮಗ್ಗಕ್ಕೆ ಏರಿಸುವ ಮುಂಚೆ ಉದ್ದನೆಯ ನೂಲುಗಳನ್ನು ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತಿಕ್ಕಿ ಒಣಗಿಸಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ಅಡ್ಡ ಕಟ್ಟಿದ ಬಿದಿರಿನ ಗಳಗಳ ಮೇಲೆ, ದೊಡ್ಡವರ ಸೊಂಟದ ಎತ್ತರಕ್ಕೆ, ಬಯಲಿನ ಈ ತುದಿಯಿಂದ ಆ ತುದಿಗೆ ಬಿಳಿ ಹೊಳೆಯೊಂದು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಬಿಸಿಲು ಚುರುಕಾದರೆ ಗಂಜಿ ಬೇಗ ಒಣಗಿ ಎಳೆ ಪಟಪಟನೆ ಹರಿಯುತ್ತದೆ. ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಅದಕ್ಕೇ ಈ ಕೆಲಸ ನಸುಕಿನಲ್ಲಿ ನಡೆಯುತ್ತಿತ್ತು. ಹರಿದ ಎಳೆಗಳಿಗೆ ಗಂಟು ಹಾಕುವುದು ನಮ್ಮಂಥ ಮಕ್ಕಳ ಪಾಲು, ಬೆರಳು ಸಣ್ಣವಲ್ಲವೇ. ಒಂದು ಕಟ್ಟಳೆ ಮಾತ್ರ ಬಹಳ ಬಿಗಿ: ಕಟ್ಟಿದ ಹಾಸನ್ನು ಯಾರೂ ದಾಟುವಂತಿಲ್ಲ, ಅಡಿಯಲ್ಲಿ ನುಸುಳುವಂತಿಲ್ಲ. ಆಚೆ ಹೋಗಬೇಕೆಂದರೆ ಅದರ ಉದ್ದಕ್ಕೂ ನಡೆದು ತುದಿ ಸುತ್ತಿಯೇ ಹೋಗಬೇಕು. ನಾನೊಮ್ಮೆ ನುಸುಳಿದ್ದಕ್ಕೆ ಆಯಿ ಕಿವಿ ಹಿಂಡಿದ್ದಳು. "ಮಂಗ್ಯಾ, ಉಣ್ಣೂ ತಾಟಿನ್ಯಾಗ ಕಾಲಿಟ್ಹಂಗ ಅದು! ಕೈ ಮುಗೀ ಮೊದಲ." ನಾನು ನೂಲಿಗೆ ಕೈ ಮುಗಿದಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಮಾತು ಬಿಟ್ಟಿದ್ದರು: ಮುತ್ಯಾ ಮತ್ತು ಆತನ ಮಗಳು ಗೌರತ್ತಿ. ಅಪ್ಪನ ತಂಗಿ, ಇನ್ನೂ ಲಗ್ನವಾಗಿರಲಿಲ್ಲ. ಬನಹಟ್ಟಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತೇನೆಂದು ಅವಳು ಹಟ ಹಿಡಿದಿದ್ದಳು. "ಅಲ್ಲಿ ಕರೆಂಟ ನೇಯತೈತಂತ. ನೀ ಏನ ಅದಕ್ಕ ಗಾಳಿ ಹಾಕಾಕ ಹೊಕ್ಕೀಯೇನ?" ಎಂದು ಮುತ್ಯಾ ಚುಚ್ಚಿದ್ದ. ಗೌರತ್ತಿಯ ನಾಲಗೆಯೂ ಮುತ್ಯಾನದೇ. "ಈ ಕುಣ್ಯಾಗ ಕುಂತ ಕುಂತ ನಿನ್ನ ಮೊಣಕಾಲ ಹ್ವಾದುವು. ಈಗ ನನ್ನೂ ಇದರಾಗ ಹೂಳಬೇಕಂದೀಯೇನ?" ಅಂದಿನಿಂದ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತು ಮೂರನೆಯವರ ಮೂಲಕ ಮಾತಾಡುತ್ತಿದ್ದರು. "ಆಕಿಗಿ ಹೇಳ, ಗಂಜಿ ತೆಳ್ಳಗಾಗೈತಿ." "ಅವರಿಗಿ ಹೇಳ, ಹಿಟ್ಟ ತೀರೈತಿ." ಮೊದಮೊದಲು ನಮಗೆ ಇದು ಆಟವಾಗಿತ್ತು. ಆಮೇಲೆ ಬೇಸರವಾಯಿತು. ಯುಗಾದಿಯ ಬೇವು ಬೆಲ್ಲವನ್ನೂ ಆಕೆ ಆತನ ಕೈಗೆ ಕೊಡದೆ ಮಗ್ಗದ ಪಕ್ಕ ಇಟ್ಟು ಹೋದಳು. ಆತ ಅವಳ ಹೆಸರು ಹಿಡಿದು ಕರೆದದ್ದನ್ನು ಆ ದಿನಗಳಲ್ಲಿ ಯಾರೂ ಕೇಳಲಿಲ್ಲ.

ಅದು ಮದುವೆಗಳ ಕಾಲ. ಸೀರೆಗೆ ಬೇಡಿಕೆ ಹೆಚ್ಚು. ಅಪ್ಪ ಸೀರೆಯ ಗಂಟು ಹೊತ್ತು ಜಮಖಂಡಿ ಪೇಟೆಗೆ ಹೋಗಿದ್ದ, ಅವ್ವ ಬೀಳಗಿಯ ತವರಿನಲ್ಲಿದ್ದಳು. ಬೆಳಗಿನ ಹಾಸು ಮುಗಿದಿದ್ದರೂ ಮುತ್ಯಾನಿಗೆ ಇನ್ನೊಂದರ ಆಸೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಡುವಣದಲ್ಲಿ ತುಸು ಮೋಡ ಕಟ್ಟಿದ್ದನ್ನು ಕಂಡು, ಬಿಸಿಲಿನ ಚುರುಕು ಮುರಿಯಿತೆಂದು ಎರಡನೆಯ ಹಾಸು ಹೂಡಿಸಿದ. ಒಲೆಗೆ ಕಟ್ಟಿಗೆ ತೀರಿತ್ತು. ಗೌರತ್ತಿ ಕುಡುಗೋಲು, ಹಗ್ಗ ತೆಗೆದುಕೊಂಡು ಗುಡ್ಡದ ಕಡೆ ಹೊರಟಳು. ಮುತ್ಯಾ ಹೆಂಡತಿಗೆ ಹೇಳಿದ: "ಮ್ವಾಡ ಆಗೈತಿ, ಹೋಗಬ್ಯಾಡ ಅಂತ ಆಕಿಗಿ ಹೇಳ."

"ನಿಮಗ ಬಾಯಿ ಇಲ್ಲೇನ್ರಿ?" ಎಂದಳು ಆಯಿ. "ನೀವ ಹೇಳ್ರಿ."

ಮುತ್ಯಾ ಮಗಳತ್ತ ತಿರುಗದೆ ಕುಂಚವನ್ನು ಗಂಜಿಯಲ್ಲಿ ಅದ್ದಿದ. ಗೌರತ್ತಿಯ ಕೆಂಪು ಸೀರೆ ಹಾಸಿನ ತುದಿ ಸುತ್ತಿ, ಬಣವೆಗಳ ನಡುವೆ ಸರಿದು, ಗುಡ್ಡ ಏರತೊಡಗಿತು. ಈ ಭಾಗದಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ಆಯಿ ಈ ಮಾತನ್ನು ಸಾಯುವವರೆಗೂ ತನ್ನ ಗಂಡನಿಗೆ ನೆನಪು ಮಾಡಿಕೊಡುತ್ತಿದ್ದಳು.

ಗಂಜಿ ಬಳಿಯುವ ಕೆಲಸ ಅರ್ಧಕ್ಕೆ ಬಂದಿರಬೇಕು, ಬಿಸಿಲು ಪೂರಾ ಆರಿತು. ಹಾಸಿನ ಉದ್ದಕ್ಕೂ ನೆರಳು ಬಂತು. ಆಚೆ ತುದಿಯಲ್ಲಿ ಕುಂಚ ಹಿಡಿದಿದ್ದ ನೆರೆಮನೆಯ ಸಂಗಪ್ಪ ಕಾಕಾ ತಲೆಯೆತ್ತಿ ನಕ್ಕ. "ನೋಡೋ ಯಣ್ಣಾ, ಶಿವಾ ನಿನಗ ಛತ್ರಿ ಹಿಡದಾನ!"

"ಹಿಡೀಲಿ ಹಿಡೀಲಿ," ಎಂದ ಮುತ್ಯಾ. "ಇನ್ನೊಂದೀಟ ಹೊತ್ತ ಕೈ ನೋಯಿಸ್ಕೊಳ್ಳಲಿ. ಇನ್ನೊಂದ ಸರ್ತಿ ಗಂಜಿ ಹೊಡದ ಬಿಡ್ತೀನಿ."

ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬಿಳಿ ನೂಲು ಅರಿಶಿನ ಸವರಿದಂತೆ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಬೆಳಕಿಗೇ ಬೆದರಿ ಗುಡ್ಡದತ್ತ ನೋಡುತ್ತಿದ್ದರೇನೋ. ರೈತನಾಗಿದ್ದರೆ ಖಂಡಿತ ನೋಡುತ್ತಿದ್ದ. ಹಾಸಿನ ಮುಂದೆ ನಿಂತ ನೇಕಾರನ ಕಣ್ಣು ಎಳೆಯ ಮೇಲಿರುತ್ತದೆ, ಮತ್ತು ಆ ನೆರಳಿನಲ್ಲಿ ಎಳೆಗಳು ಹದವಾಗಿ, ನಿಧಾನವಾಗಿ, ಒಂದೂ ಹರಿಯದಂತೆ ಒಣಗುತ್ತಿದ್ದವು. ಅಂಥ ಹದ ಬೇಸಿಗೆಯ ಮಧ್ಯಾಹ್ನದಲ್ಲಿ ಯಾರೂ ಕಂಡಿರಲಿಲ್ಲ. ಸುತ್ತ ಗಂಜಿಯ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಮುತ್ಯಾ ಗುನುಗುತ್ತಿದ್ದ. ನನಗೆ ಗಂಟು ಹಾಕುವ ಕೆಲಸವೇ ಇರಲಿಲ್ಲ. ನಾವೆಲ್ಲ ಆ ನೆರಳಿಗೆ ಸಂತೋಷಪಟ್ಟೆವು. ಇದನ್ನು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಆಗ ಹಸಿ ನೂಲಿನ ಮೇಲೆ ಕರಿಯ ಚೂರೊಂದು ಬಂದು ಕೂತಿತು. ಮುತ್ಯಾ ಅದನ್ನು ಉಗುರಿನಿಂದ ತೆಗೆದ. ಇನ್ನೊಂದು ಬಿತ್ತು, ಮತ್ತೊಂದು. ಆತ ಒಂದನ್ನು ಎರಡು ಬೆರಳ ನಡುವೆ ಹೊಸಕಿ, ಮೂಗಿಗೆ ಹಿಡಿದು, ಗುಡ್ಡದತ್ತ ತಿರುಗಿದ. "ಲೇ ಸಂಗ್ಯಾ," ಎಂದ. ಆ ದನಿ ಸಣ್ಣದಾಗಿತ್ತು. "ಇದ ಮ್ವಾಡ ಅಲ್ಲಲೇ."

ಗುಡ್ಡದ ನೆತ್ತಿಯಾಚೆಯಿಂದ ಎದ್ದ ಹೊಗೆ ನಮ್ಮ ಮೇಲೆ ಚಪ್ಪರ ಹಾಕಿತ್ತು. ಒಣ ಸಿಡಿಲು ಹೊಡೆದದ್ದು ಎಂದರು ಕೆಲವರು. ಮಳೆಯನ್ನು ನಂಬಿ, ಹೊಸ ಹುಲ್ಲು ಚಿಗುರಲೆಂದು ಕುರಿಯವರೇ ಹಚ್ಚಿದ್ದು ಎಂದರು ಕೆಲವರು. ನಾವು ನೋಡುತ್ತಿದ್ದಂತೆ ನೆತ್ತಿಯ ಮೇಲೆ ಕೆಂಪು ಗೆರೆಯೊಂದು ಮೂಡಿ, ಎರಡೂ ಪಕ್ಕಕ್ಕೆ ಕೈ ಚಾಚಿ, ಗಾಳಿಯ ಜೊತೆ ನಮ್ಮ ಕಡೆ ಇಳಿಯತೊಡಗಿತು. ಇಳಿಜಾರಿನ ನಡುವೆ ಗೌರತ್ತಿ. ಅವಳೂ ಬೆಂಕಿ ಕಂಡಿದ್ದಳು. ನೇರ ನಮ್ಮತ್ತ, ಮನೆಯತ್ತ ಓಡಿ ಬರುತ್ತಿದ್ದಳು. ಹುಲ್ಲು ಎಲ್ಲಕ್ಕಿಂತ ದಟ್ಟವಾಗಿದ್ದದ್ದು ಆ ದಾರಿಯಲ್ಲೇ. ಬೆಂಕಿಯ ಎರಡೂ ತೋಳುಗಳು ಅವಳಿಗಿಂತ ಮುಂದೆ ಬಂದು ಕೂಡಿಕೊಳ್ಳುವಂತಿದ್ದದ್ದು ನಮಗೆ ಕೆಳಗಿನಿಂದ ಕಾಣುತ್ತಿತ್ತು, ಅವಳಿಗೆ ಕಾಣುವಂತಿರಲಿಲ್ಲ. ಅವಳ ಬಲಕ್ಕೆ ಹಳೆಯ ಕಲ್ಲಿನ ಖಣಿ ಇತ್ತು. ಮನೆ ಕಟ್ಟುವವರು ಕಲ್ಲು ತೆಗೆದು ಬಿಟ್ಟ ದೊಡ್ಡ ತಗ್ಗು. ಬರೀ ಬಂಡೆ, ಹುಲ್ಲಿನ ಒಂದು ಕಡ್ಡಿಯೂ ಇಲ್ಲ.

ನಮ್ಮ ಮತ್ತು ಗುಡ್ಡದ ನಡುವೆ ಹಾಸು ಇತ್ತು. ಮುತ್ಯಾ ಅದನ್ನು ಸುತ್ತಿ ಹೋಗಲಿಲ್ಲ. ಕುಂಚ ಬಿಸಾಡಿ, ಮೈಯಿಂದ ನೂಲನ್ನು ಒತ್ತಿಕೊಂಡು ಅದರೊಳಗೇ ನಡೆದ. ಎಳೆಗಳು ಬಿಗಿದು, ಬಾಗಿ, ಗುಂಪುಗುಂಪಾಗಿ ಹರಿದ ಸದ್ದು ನನಗೆ ಈಗಲೂ ಕೇಳುತ್ತದೆ. ಮಳೆ ಶುರುವಾದಂಥ ಸದ್ದು. ಬಿದಿರಿನ ಗಳಗಳು ಒಂದರ ಮೇಲೊಂದು ಮಗುಚಿದವು. ಮೈತುಂಬ ಬಿಳಿ ಎಳೆ ಜೋತುಬಿದ್ದ ಆ ಎತ್ತರದ ಮನುಷ್ಯ ಆಚೆ ದಂಡೆಯ ಬಂಡೆಯೊಂದನ್ನು ಏರಿ, ಎರಡೂ ಕೈ ಬಾಯಿಗೆ ಒಡ್ಡಿ ಒದರಿದ: "ಗೌರಾ! ಕೆಳಗ ಬರಬ್ಯಾಡಾ! ಖಣ್ಯಾಗ ಇಳೀ!"

ಅಷ್ಟು ದಿನಗಳ ಮೇಲೆ ಅವಳ ಹೆಸರು ಆತನ ಬಾಯಿಂದ ಬಂದದ್ದು ಹಾಗೆ. ಎಷ್ಟು ಸಲ ಒದರಿದನೋ ತಿಳಿಯದು, ಕೊನೆಗೆ ದನಿ ಒಡೆದುಹೋಯಿತು. ಕೆಂಪು ಸೀರೆ ಒಂದು ಗಳಿಗೆ ನಿಂತಂತಾಯಿತು. ಆಮೇಲೆ ಹೊಗೆ ಇಳಿದು ಏನೂ ಕಾಣಲಿಲ್ಲ.

ಓಣಿಯ ಗಂಡಸರು ಬೇವಿನ ಟೊಂಗೆ, ಹಸಿ ಗೋಣಿಚೀಲ ಹಿಡಿದು ಬಣವೆಗಳತ್ತ ಓಡಿದರು. ಸಂಗಪ್ಪ ಕಾಕಾ ಗುಡ್ಡ ಏರಲು ಹೋಗಿ ಹುಬ್ಬು ಸುಟ್ಟುಕೊಂಡು ಹಿಂದಿರುಗಿದ. ಆಯಿ ಬರಿಗಾಲಲ್ಲಿ ಬಂದು ಗಂಡನ ಬಂಡೆಯ ಕೆಳಗೆ ನಿಂತಳು. "ಎಲ್ಲಿ ಅದಾಳ್ರಿ?"

"ಖಣ್ಯಾಗ."

"ಇಳದಿದ್ದ ಕಂಡ್ರೇನು?"

"ಹೇಳೀನಿ ಆಕಿಗಿ," ಎಂದ ಮುತ್ಯಾ. "ನಾನ ಹೇಳೀನಿ."

ಬೆಂಕಿ ಖಣಿಯ ಮೇಲಿಂದ ಹಾದು ಬುಡದತ್ತ ಬಂತು. ಅದರ ಕಾವಿಗೆ ನನ್ನ ಕೈಯ ಗಂಜಿ ಒಣಗಿ ಚರ್ಮ ಬಿಗಿಯಿತು. ಎಷ್ಟು ಹೊತ್ತೋ ಏನೋ, ತಲೆಯ ಮೇಲೆ ನಿಜವಾದ ಮೋಡ ಸಿಡಿಯಿತು. ಮೊದಲು ಧೂಳು, ಆಮೇಲೆ ದಪ್ಪ ಹನಿ, ಹಿಂದೆಯೇ ಆಣಿಕಲ್ಲು. ಗುಡ್ಡ ಹೆಂಚಿನಂತೆ ಚೊಂಯ್ಗುಟ್ಟಿತು. ಮಗುಚಿ ಬಿದ್ದ ಹಾಸಿನ ಗಂಜಿ ಬೆಳ್ಳಗೆ ಹರಿದು ನಮ್ಮ ಕಾಲುಗಳ ನಡುವೆ ಹೋಯಿತು. ಆ ಮಳೆಯಲ್ಲಿ, ಉಗಿಯೊಳಗಿಂದ, ಕೂದಲ ತುದಿ ಸುಟ್ಟ, ಮುಖವೆಲ್ಲ ಮಸಿಯಾದ ಗೌರತ್ತಿ ನಡೆದು ಬಂದಳು. ಓಡಲಿಲ್ಲ, ನಡೆದೇ ಬಂದಳು. ತನ್ನ ಅಪ್ಪನ ಮುಂದೆ ನಿಂತಳು. ಆತನ ಮೈಮೇಲಿನ ನೂಲನ್ನು ನೋಡಿದಳು.

"ನಾ ಒದರಿದ್ದ ಕೇಳಿಸ್ತೇನ?" ಒಡೆದ ದನಿಯಲ್ಲಿ ಮುತ್ಯಾ ಕೇಳಿದ.

"ಕೇಳಿಸ್ತೆಪ್ಪಾ. ಖಣ್ಯಾಗ ಇಳಿ ಅಂದಿ, ಇಳದ್ನಿ."

ಮುತ್ಯಾ ಅವಳ ಬರಿಗೈ ನೋಡಿದ. "ಕುಡಗೋಲ ಎಲ್ಲಿ ಒಗದ ಬಂದಿ?" ಎಂದ. ಆಯಿಗೆ ಆಗ ಅಳು ಬಂತು.

ಮುಂದಿನದನ್ನು ಇಡೀ ಓಣಿ ಬಲ್ಲದು. ಹಾಸು ಹಾಳಾದದ್ದಕ್ಕೆ ಮುತ್ಯಾ ಒಂದು ದಿನವೂ ಮರುಗಲಿಲ್ಲ. ಆ ನೂಲನ್ನು ಹೊಸೆದು ಆಡು ಕಟ್ಟುವ ಹಗ್ಗ ಮಾಡಿದ. ಮಳೆಗಾಲ ಹಿಡಿಯುವ ಮೊದಲೇ ಗೌರತ್ತಿಯನ್ನು ತಾನೇ ಬನಹಟ್ಟಿಯ ಶೆಡ್ಡಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದ. ಕೇಳಿದವರಿಗೆಲ್ಲ ಒಂದೇ ಉತ್ತರ: "ಆಕಿ ನನ್ನ ಮಾತ ಕೇಳ್ಯಾಳ. ಆಕಿದೊಂದ ನಾನೂ ಕೇಳಬೇಕಲ್ಲ?" ಮುಧೋಳಕ್ಕೆ ಅವಳ ಲಗ್ನವಾಗಿ ಹೋದ ಮೇಲೂ, ಬಂದ ಬೀಗರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ತನ್ನ ದನಿ ಬೆಂಕಿ ದಾಟಿ ಮಗಳ ಕಿವಿ ಮುಟ್ಟಿದ ಕಥೆಯನ್ನು ಹೇಳುತ್ತಿದ್ದ. ಅದು ಆತನ ಬದುಕಿನ ಅತಿ ದೊಡ್ಡ ಸಂಗತಿಯಾಗಿತ್ತು.

ನನಗೆ ಅದರಲ್ಲೇ ಅನುಮಾನ ಹುಟ್ಟಿದ್ದು. ಗಾಳಿ ಗುಡ್ಡದಿಂದ ನಮ್ಮತ್ತ ಬೀಸುತ್ತಿತ್ತು. ಇಲ್ಲದಿದ್ದರೆ ಹೊಗೆ ನಮ್ಮ ಮೇಲೆ ಬರುತ್ತಲೇ ಇರಲಿಲ್ಲ. ಎದುರುಗಾಳಿ, ಉರಿಯುವ ಹುಲ್ಲಿನ ಚಟಪಟ, ಗುಡುಗು. ಇವೆಲ್ಲದರ ನಡುವೆ ಅಷ್ಟು ಎತ್ತರದಲ್ಲಿ ಮಾತು ತಿಳಿಯುವುದುಂಟೇ? ಖಣಿ ಎಲ್ಲಿದೆಯೆಂದು ಗೌರತ್ತಿಗೇ ಗೊತ್ತಿತ್ತು, ತಾನಾಗಿಯೇ ತಿರುಗಿರಬಹುದು. ನೂಲು ಹೊದ್ದು ನಿಂತ ಮುದುಕನ ಮುಖ ನೋಡಿ, ಕೇಳಿಸಿತು ಎಂದುಬಿಟ್ಟಿರಬಹುದು. ಹಾಗಾದರೆ ಅಪ್ಪ ಮಗಳು ಮತ್ತೆ ಕೂಡಿದ್ದು, ಆತ ಅವಳನ್ನು ಬನಹಟ್ಟಿಗೆ ಕಳಿಸಿದ್ದು, ಮುದಿವಯಸ್ಸಿನ ಆ ಹೆಮ್ಮೆ, ಎಲ್ಲವೂ ನಿಂತಿದ್ದು ಒಂದು ಕರುಣೆಯ ಸುಳ್ಳಿನ ಮೇಲೆ. ಓದು ಮುಗಿಸಿದ ಹೊಸತರಲ್ಲಿ ಮುಧೋಳಕ್ಕೆ ಹೋದಾಗ ಇದನ್ನು ಗೌರತ್ತಿಗೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಯಾಕೋ, ಕೋರ್ಟಿನ್ಯಾಗ ನನ್ನ ಸಾಕ್ಷಿ ಐತೇನ?"

"ಹಂಗಲ್ಲ ಅತ್ತಿ, ಗಾಳಿ ಆ ಕಡಿಂದ ಈ ಕಡಿ ಇತ್ತು."

"ಗಾಳಿ ನಿನಗ ಹೇಳಿ ಹ್ವಾತೇನ?" ಎಂದು ರೊಟ್ಟಿ ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು. "ನಿಮ್ಮ ಮುತ್ಯಾ ಸಾಯೂತನಕ ನನ್ನ ಜೋಡಿ ಮಾತಾಡಿದಾ. ನಿನಗ ಇನ್ನೇನ ಬೇಕ? ಉಣ್ಣ ಸುಮ್ಮನ."

ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೋದ ವರ್ಷ ಗೌರತ್ತಿಯೂ ತೀರಿಕೊಂಡಳು. ಮುತ್ಯಾ, ಆಯಿ, ಸಂಗಪ್ಪ ಕಾಕಾ ಎಂದೋ ಹೋಗಿದ್ದರು. ಮಗ್ಗದ ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಸಿದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಆ ಮನೆಯೂ ಕೈ ಬದಲಾಗಿ, ಬಿದ್ದು, ಅಲ್ಲೀಗ ವಿದ್ಯುತ್ ಮಗ್ಗದ ತಗಡಿನ ಶೆಡ್ಡು ಎದ್ದಿದೆ. ಹಾಸು ಕಟ್ಟುವವರು ಓಣಿಯಲ್ಲಿ ಯಾರೂ ಉಳಿದಿಲ್ಲ. ನಿಮ್ಮ ಊರಿನಲ್ಲೂ ಇಂಥದೊಂದು ಬಯಲು ಇತ್ತೆಂದರೆ ಅದರ ಈಗಿನ ಗತಿಯನ್ನು ನಾನು ಹೇಳಬೇಕಾಗಿಲ್ಲ.

ಇಸ್ತ್ರಿ ಗಾಡಿಯ ಮುಂದೆ ಆ ವಾಸನೆ ಬಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೌರತ್ತಿಯ ಮಗ ಈರಣ್ಣನಿಗೆ ಫೋನು ಮಾಡಿದೆ. ನಾನು ರಬಕವಿಗೆ ಹೋದೆ, ಅವನು ಮುಧೋಳದಿಂದ ಮೋಟಾರ್ ಸೈಕಲ್ಲಿನಲ್ಲಿ ಅಲ್ಲಿಗೆ ಬಂದ. "ನಮ್ಮವ್ವ ಸುಳ್ಳ ಹೇಳ್ಯಾಳಂತ ತೋರಸಾಕ ಧಾರವಾಡದಿಂದ ಬಂದೀಯಲ್ಲೋ ಸಾಹೇಬಾ, ನಿನಗ ಬ್ಯಾರೆ ಉದ್ಯೋಗ ಇಲ್ಲೇನ?" ಎಂದು ನಕ್ಕರೂ ಅವನ ಮುಖ ನಗುತ್ತಿರಲಿಲ್ಲ. ಮುತ್ಯಾ ಏರಿದ ಬಂಡೆ ಪ್ಲಾಟುಗಳ ನಡುವೆ ಇನ್ನೂ ಉಳಿದಿತ್ತು, ಪಕ್ಕದಲ್ಲಿ ಚಹದ ಅಂಗಡಿ. ಅಲ್ಲಿಂದ ಕೂಗೆಂದು ಅವನಿಗೆ ಹೇಳಿದೆ. ಏನು ಕೂಗುತ್ತಾನೆಂದು ಮಾತ್ರ ನನಗೆ ಹೇಳಬಾರದು, ಯಾಕೆಂದರೆ ಮೊದಲೇ ಗೊತ್ತಿದ್ದ ಮಾತನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ.

ನಾನು ಗುಡ್ಡ ಏರಿದೆ. ಕರಡ ಅದೇ ಬಣ್ಣಕ್ಕೆ ಒಣಗಿ ನಿಂತಿತ್ತು. ಖಣಿಯ ದಂಡೆಯಲ್ಲಿ ನಿಂತಾಗ ಗಾಳಿ ನನ್ನ ಬೆನ್ನಿಗೆ, ಪಡುವಣದಿಂದಲೇ, ಜೋರಾಗಿ ಬೀಸುತ್ತಿತ್ತು. ಕೆಳಗೆ ಈರಣ್ಣ ಕೈ ಎತ್ತಿದ, ಬಾಯಿ ತೆರೆದ. ಏನೂ ಕೇಳಲಿಲ್ಲ. ಊರಿಗೆ ಊರೇ ಖಟಪಟ ಎನ್ನುವ ವಿದ್ಯುತ್ ಮಗ್ಗಗಳ ಸದ್ದಷ್ಟೇ. ಮತ್ತೆ ಕೈ ಎತ್ತಿದ, ಮತ್ತೆ ಅದೇ. ನನ್ನ ಅನುಮಾನ ಗೆದ್ದಿತ್ತು, ಅದಕ್ಕೆ ನನಗೆ ಚೂರೂ ಸಂತೋಷವಾಗಲಿಲ್ಲ. ಇಳಿಯಲು ತಿರುಗಿದೆ. ಹಿಂದೆ ಮೋಡ ಗುಡುಗಿತು, ಕರೆಂಟು ಹೋಯಿತು. ಓಣಿ ಓಣಿಯಾಗಿ ಮಗ್ಗಗಳು ನಿಂತವು. ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಈ ಸದ್ದೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಗಾಳಿ ಬೀಸುತ್ತಲೇ ಇತ್ತು. ಕೆಳಗೆ ಈರಣ್ಣ ಮೂರನೆಯ ಸಲ ಬಾಯಿಗೆ ಕೈ ಒಡ್ಡಿದ.

"ಚಾ ಆರಾಕತ್ತೈತಿ! ಇಳದ ಬಾರೋ ಸಾಹೇಬಾ!"

ಅಂದು ಗೌರತ್ತಿಗೆ ಕೇಳಿಸಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ಇಂದು ಹುಲ್ಲು ಉರಿಯುತ್ತಿರಲಿಲ್ಲ, ಕೂಗಿದವನು ಮುದುಕನಲ್ಲ, ನಾನು ಓಡುತ್ತಿರಲಿಲ್ಲ. ಇಷ್ಟನ್ನು ಮಾತ್ರ ಪರೀಕ್ಷೆ ಮಾಡಿ ಹೇಳುತ್ತಿದ್ದೇನೆ: ಆ ಬಂಡೆಯ ಮೇಲೆ ನಿಂತು ಒಬ್ಬರು ಒದರಿದರೆ, ಎದುರುಗಾಳಿಯಿದ್ದರೂ, ಖಣಿಯ ದಂಡೆಯಲ್ಲಿರುವವರಿಗೆ ಕೇಳಿಸುತ್ತದೆ. ದನಿಯಷ್ಟೇ ಅಲ್ಲ, ಮಾತೂ ಕೇಳಿಸುತ್ತದೆ.